ಪಾಸಾಗುವ ತನಕ ಇಂಗ್ಲಿಷ್

ತಾಲಿಪಟ್ಟಿನ ಹಿಟ್ಟು ಕಲಸುತ್ತಿದ್ದಾಗ ಮೊಸರು ಮುಗಿಯಿತು. ಕೈ ತೊಳೆದು ಉಪ್ಪಲ್‌ನ ಹಾಲಿನಂಗಡಿಯ ಸಾಲಿನಲ್ಲಿ ನಿಂತೆ. ಮುಂದೆ ಒಬ್ಬ ಟೀಚರ್, ಅವರ ಅತ್ತೆ, ಪುಟ್ಟ ಮಗಳು. ಈ ತೆಲುಗು ಊರಿನಲ್ಲಿ ಕನ್ನಡ ಕೇಳಿ ಕಿವಿ ಅತ್ತ ಹೋಯಿತು.

“ಬಿ.ಎಡ್. ಆಗೇತಲ್ಲ, ಮತ್ತ ಇದ್ಯಾವ ಪರೀಕ್ಷಾ ಐತವ್ವಾ?” ಅತ್ತೆ ಕೇಳಿದರು.

“ಮನ್ಯಾಗ ಇಂಗ್ಲಿಷ್ ಇಲ್ಲದ ಮಕ್ಕಳಿಗೆ ಇಂಗ್ಲಿಷ್ ಕಲಿಸೋ ಸರ್ಟಿಫಿಕೇಟಿಂದ್ರಿ. ಪಾಸಾಗದಿದ್ರ ನನ್ನ ಕ್ಲಾಸ್ ಬ್ಯಾರೆಯವರಿಗೆ ಹೋಗತೈತಿ.”

“ಅದಕ್ಕ ಈ ಕೂಸು ಉಪ್ಪಿಟ್ಟನ್ನೂ ಇಂಗ್ಲಿಷಿನ್ಯಾಗ ಬೇಡಬೇಕೇನು?”

“ಮನ್ಯಾಗ ಮಾತಾಡಿ ಮಾತಾಡಿ ನನ್ನ ನಾಲಿಗಿ ತಿರಗಬೇಕಲ್ರಿ ಅತ್ತಿ.”

“ಆ ಕೋರ್ಸಿನ್ಯಾಗ ಏನ್ ಹೇಳ್ತಾರ?”

ಟೀಚರ್ ಕಣ್ಣುಜ್ಜಿಕೊಂಡರು. “ಮಕ್ಕಳ ಮನೀ ಮಾತು ಬಿಡಸಬ್ಯಾಡ್ರಿ ಅಂತಾರ್ರಿ.”

ಅತ್ತೆ ನಕ್ಕುಬಿಟ್ಟರು. ಹಾಲು ತೆಗೆದುಕೊಂಡು ಮೂವರೂ ಹೊರಟರು. ಮಗಳು ತಾಯಿಯ ಕೈ ಜಗ್ಗಿದಳು.

“ಮಮ್ಮಿ, ನೀ ಪಾಸಾದ ಮ್ಯಾಲೆ ನನ್ನ ಜೋಡಿ ಕನ್ನಡ ಮಾತಾಡ್ತೀಯೇನು?”