ಮಾತೆಯ ಪೆಟ್ಟಿಗೆಯ ಸರದಿ

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ, ಕರೆಂಟೂ ಹೋಗಿತ್ತು. ಊರಲ್ಲಿ ಉಳಿದವರೇ ಬೆರಳೆಣಿಕೆಯಷ್ಟು ಜನ. ಅವರಲ್ಲಿ ಮುಕ್ಕಾಲು ಪಾಲು ಎಲ್ವಿರಾಳ ಬಾರಿನ ಒಲೆಯ ಸುತ್ತ ಕತ್ತಲಲ್ಲೇ ಕೂತಿದ್ದರು. ಗುಡ್ಡದ ತಿರುವಿನ ಪಾಳುಮನೆಯಲ್ಲಿ ನಿನ್ನೆ ದೀಪ ಕಂಡಿತಂತೆ, ಗುಡ್ಡದಾಚೆ ಖಾಲಿಬಿದ್ದ ತೊರ್ರೆಸೆಕಾ ಊರಿನವರು ಯಾರಾದರೂ ವಾಪಸ್ ಬಂದರಾ ಎಂದು ಎಲ್ವಿರಾ ಕೇಳಿದಳು. ಜೀವಮಾನವಿಡೀ ವ್ಯಾನಿನಲ್ಲಿ ಊರೂರಿಗೆ ಬ್ರೆಡ್ಡು ಮಾರಿದ ಮುದುಕ ಸಾತುರಿಯೋ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ವಾಪಸ್ ಬರೋದಕ್ಕೆ ಅವರು ಅಲ್ಲಿಂದ ಹೋಗಿದ್ರೆ ತಾನೇ? ಕೂತ್ಕೋ ಎಲ್ವಿರಾ. ಕೈ ಮಡಿಲಲ್ಲಿ ಇಟ್ಕೊಂಡು ಕೇಳು...

"ತೊರ್ರೆಸೆಕಾದ ಬೆನಿಲ್ದೆ ಇದ್ಲಲ್ಲ, ನಾಲಿಗೆ ಒಂಚೂರು ಹರಿತ, ಮನಸ್ಸು ಮಾತ್ರ ಬೆಣ್ಣೆ. ಗಂಡ ಎವುತಿಕಿಯೋಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ. ಎದ್ದು ನಿಲ್ಲೋ ಹಾಗಿಲ್ಲ, ಗಂಟಲು ಮಾತ್ರ ಊರಿಗೆಲ್ಲಾ ಕೇಳೋದು. ಊರು ಅಂದ್ರೆ ಯಾರಪ್ಪಾ? ಬೀದಿ ತುದೀಲಿ ಇವರಿಬ್ಬರು, ಕೆಳಗಡೆ ನೀರಿನ ತೊಟ್ಟಿ ಹತ್ರ ದೊಮಿತಿಲಾ ಮುದುಕಿ, ನಡುವೆ ಉದ್ದಕ್ಕೂ ಬೀಗ. ಬೆನಿಲ್ದೆಗೆ ಇದ್ದ ಆಸೆ ಒಂದೇ, ಈ ಚಳಿಗಾಲ ಒಂದು ದಾಟಿಸಿ ಗಂಡನ್ನ ಉಳಿಸ್ಕೋಬೇಕು. ಅವನ ಬೈಗುಳಾನೂ ಇಲ್ದೇ ಹೋದ್ರೆ ಆ ಬೀದೀಲಿ ಅವಳು ಬದುಕೋದಾದ್ರೂ ಹೇಗೆ?

"ಮರಿಯಾ ಮಾತೆಯ ಪೆಟ್ಟಿಗೆ, ಅದೇ ಒಳಗೆ ಮಾತೆಯ ಮೂರ್ತಿ ಇರೋ ಮರದ ಪೆಟ್ಟಿಗೆ, ಅಲ್ಲಿ ಮನೆಯಿಂದ ಮನೆಗೆ ಸುತ್ತೋದು, ದಿನಕ್ಕೊಂದು ಮನೆ. ಸಂಜೆ ಪಕ್ಕದವರು ಹೊತ್ತು ತಂದು ಬಾಗಿಲು ಬಡೀತಾರೆ, ನಾವು 'ಒಳಗೆ ಬನ್ನಿ' ಅನ್ಬೇಕು, ಕೈಯಿಂದ ಕೈಗೆ ತಗೋಬೇಕು. ಹೊಸ್ತಿಲ ಮೇಲಿಟ್ಟು ಹೋಗೋ ಹಾಗಿಲ್ಲ. ಜನ ಕಮ್ಮಿಯಾದ ಹಾಗೆ ಬೀಗ ಬಿದ್ದ ಮನೆ ಬಿಟ್ಟು ಮುಂದಿನ ಮನೆಗೆ ಕೊಡ್ತಾ ಬಂದ್ರು. ಕೊನೆಗೆ ಬೆನಿಲ್ದೆಯಿಂದ ದೊಮಿತಿಲಾಗೆ, ಅವಳಿಂದ ವಾಪಸ್ ಇವಳಿಗೆ, ಅಷ್ಟೇ.

"ಆ ನವೆಂಬರಲ್ಲಿ ಹಿಮ ಬಿದ್ದು ಬೀದಿಯೆಲ್ಲಾ ಹೆಪ್ಪುಗಟ್ಟಿತ್ತು. ಬೆನಿಲ್ದೆ ಮೊದಲೇ ಮಂಡಿನೋವಿನ ಹೆಂಗಸು, ದೊಮಿತಿಲಾಗೆ ಕೊಡೋಕೆ ಪೆಟ್ಟಿಗೆ ಹೊತ್ಕೊಂಡು ಹೊರಟವಳು ಪಕ್ಕದ ಪ್ರಿಮಿತಿವೋ ಮನೆ ಮುಂದೇನೇ ಜಾರಿದ್ಲು. ಅವನು ಸತ್ತು ಯಾವ ಕಾಲ ಆಗಿತ್ತೋ! ರೇಗಿಹೋಯ್ತು ಇವಳಿಗೆ. ಪೆಟ್ಟಿಗೇನ ಅವನ ಹೊಸ್ತಿಲ ಮೇಲೆ ಕುಕ್ಕಿ, 'ಏ ಸೋಮಾರಿ, ಇಷ್ಟು ವರ್ಷ ನಿನ್ನ ಸರದೀನೂ ನಾವೇ ಮಾಡಿದ್ವಿ, ಇವತ್ತು ನೀನೇ ನೋಡ್ಕೋ' ಅಂತ ಬಾಗಿಲು ದಬದಬ ಬಡಿದು ಮನೆಗೆ ಬಂದ್ಬಿಟ್ಲು. ಬೆಳಿಗ್ಗೆ ಹೋಗಿ ನೋಡ್ತಾಳೆ, ಪೆಟ್ಟಿಗೆ ಇಲ್ಲ.

"ಬ್ರೆಡ್ಡು ಕೊಡೋಕೆ ಹೋಗಿದ್ದ ನಾನು ಹಳೇ ಸಾಮಾನು ಕದಿಯೋರ ಕೆಲಸ ಇರ್ಬೇಕು ಅಂದೆ, ಚರ್ಚಿನ ಬಾಗಿಲನ್ನೇ ಕಿತ್ಕೊಂಡು ಹೋಗಿದ್ರಲ್ಲ ಅವರು. ಆದ್ರೆ ಹಿಮದ ಮೇಲೆ ಒಂದು ಹೆಜ್ಜೆ ಗುರುತಾದ್ರೂ ಬೇಡ್ವಾ? ಆ ಸಂಜೆ ಪ್ರಿಮಿತಿವೋ ಪಕ್ಕದ ಮನೆ ಕಿಟಕೀಲಿ ಮೇಣದ ಬತ್ತಿ ಉರೀತು. ಮಾರನೇ ಸಂಜೆ ಅದರಾಚೆ ಮನೇಲಿ. ಬಾಗಿಲು ಬಡಿಯೋ ಸದ್ದು, ಒಳಗಿಂದ ಯಾರೋ 'ಒಳಗೆ ಬನ್ನಿ' ಅನ್ನೋದು... ಬೆನಿಲ್ದೆ ಕಿವಿಯಾರೆ ಕೇಳಿದ್ಲು. ಹಾಗೇ ಒಂದೊಂದೇ ಮನೆ ಇಳೀತಾ ಇಳೀತಾ ಪೆಟ್ಟಿಗೆ ದೊಮಿತಿಲಾ ಮನೆ ಮುಟ್ತು. ಬೆಳಿಗ್ಗೆ ಬೆನಿಲ್ದೆ ಹೋಗಿ ನೋಡಿದ್ರೆ ದೊಮಿತಿಲಾ ಮೇಜಿನ ಮುಂದೆ ಕೂತ ಹಾಗೇ ಹೆಣ. ಎದುರಿಗೆ ಅತಿಥಿಗೆ ಅಂತ ಸುರಿದ ಮದ್ಯದ ಲೋಟ. ಬೆನಿಲ್ದೆ ಅವಳ ಹಿಟ್ಟು ಮೆತ್ತಿದ್ದ ಕೈಗಳನ್ನ ತೊಳೆದು, ಮಲಗಿಸಿ, ಎದೆ ಮೇಲೆ ಜೋಡಿಸಿ ಓಡಿ ಬಂದ್ಲು. ಫೋನ್ ತಂತಿ ಹರಿದಿತ್ತು, ರಸ್ತೆ ಮುಚ್ಚಿತ್ತು, ನನ್ನ ವ್ಯಾನು ಬರೋ ಹಾಗಿರ್ಲಿಲ್ಲ. ದೊಮಿತಿಲಾ ಆದ್ಮೇಲೆ ಸರದಿ ಯಾರದು, ಹೇಳಿ?

"ಬಾಗಿಲಿಗೆ ಅಗುಳಿ ಹಾಕಿ, 'ಯಾರು ಬಡಿದ್ರೂ ಬಾಯಿ ಬಿಡ್ಬೇಡ ಕಣೋ' ಅಂತ ಗಂಡನ್ನ ಬೇಡ್ಕೊಂಡ್ಲು. 'ಯಾರೇ ಬರ್ತಾರೆ ಮಾರಾಯ್ತಿ, ರಾಜನಾ?' ಅಂತ ನಕ್ಕು ಅವನು ತೂಕಡಿಸಿದ. ಬೆಳಕು ಇಳೀತಿದ್ದ ಹಾಗೇ ಯಾರೋ ಬಾಗಿಲು ಬಡಿದ್ರು. ಬೆನಿಲ್ದೆ ಅವನ ಬಾಯಿ ಮುಚ್ಚೋಕೆ ಹಾರಿದ್ಲು. ಆದ್ರೆ ಹುಟ್ಟಿದಾಗಿನ ಅಭ್ಯಾಸ ನೋಡಿ, ನಿದ್ದೆಗಣ್ಣಲ್ಲೇ ಅರಚಿಬಿಟ್ಟ, 'ಒಳಗೆ ಬನ್ನಿ!'

"ಅಗುಳಿ ತಾನಾಗೇ ಸರೀತು. ಪೆಟ್ಟಿಗೆ ಬಂತು. ಹಿಡಿದಿದ್ದ ಕೈ ಯಾರದು ಅಂತ ಆಮೇಲೊಂದಿನ ನಾನು ಕೇಳಿದ್ದಕ್ಕೆ, 'ನಾನೇ ತೊಳೆದ ಕೈ ಕಣೋ ಸಾತುರಿಯೋ' ಅಂತ ಮುಖ ಮುಚ್ಕೊಂಡು ಅತ್ಲು. ಆ ಕೈ ಬೆನಿಲ್ದೆ ಕಡೆಗೇ ಚಾಚಿತ್ತು. ಇವಳು ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡು ಗೋಡೆಗೆ ಒತ್ಕೊಂಡ್ಲು. ಕೈ ಇನ್ನೂ ಹತ್ರ ಬಂತು... ಎವುತಿಕಿಯೋ ಹೆಂಡ್ತಿ ಮುಖ ನೋಡ್ದ. ಎಲ್ಲಾ ಅರ್ಥವಾಯ್ತು ಅವನಿಗೆ. 'ಅವಳನ್ನ ಬಿಡು, ಇಲ್ಲಿ ಕೊಡು ತಾಯಿ, ನಾನು ತಗೋತೀನಿ' ಅಂದ. ತಗೊಂಡ. ಬೆನಿಲ್ದೆ ಓಡಿ ಬಂದು ಅವನ ತೋಳು ಅವಚ್ಕೊಂಡ್ಲು. ತೋಳು ಹಾಸಿಗೇಲೇ ತಣ್ಣಗಾಗ್ತಿತ್ತು... ಪೆಟ್ಟಿಗೆ ಹೊತ್ತು ಬಾಗಿಲು ದಾಟ್ತಿದ್ದ ಅವನ ಬೆನ್ನೂ ಕಾಣ್ತಿತ್ತು.

"ಅವಳನ್ನ ಅಲ್ಲಿಂದ ಕರ್ಕೊಂಡು ಬಂದವನು ನಾನೇ. ಹೋದ ವಾರ ಅವಳೂ ತೀರ್ಕೊಂಡ್ಲು. ನಿಮಗೆ ಗೊತ್ತಿಲ್ಲದ ಒಂದು ಮಾತಿದೆ. ನಮ್ಮಜ್ಜನ ಕಾಲದಲ್ಲಿ ತೊರ್ರೆಸೆಕಾದವರಿಗೂ ನಮ್ಮೂರಿಗೂ ಸೇರಿ ಒಂದೇ ಪೆಟ್ಟಿಗೆ. ಅಲ್ಲಿ ಸುತ್ತು ಮುಗಿದ್ರೆ ತಿರುವಿನ ಮನೆ ದಾಟಿ ಇಲ್ಲಿಗೇ ಬರೋದು. ಊರಿಗೆ ಮೊದಲ್ನೇ ಮನೆ ನಿನ್ನದೇ ಅಲ್ವೇನಮ್ಮಾ ಎಲ್ವಿರಾ?

"ಬಾರಿನ ಬಾಗಿಲು ಯಾರಾದ್ರೂ ಬಡೀತಾರಾ? ತಳ್ಕೊಂಡು ಬರ್ತಾರೆ. ಆದ್ರೆ ಆಗಲೇ, ಕರೆಂಟು ಹೋದ ಹೊತ್ತಲ್ಲಿ, ಯಾರೋ ಬಡಿದ್ರು. ಒಲೆಗೆ ಸೌದೆ ಹಾಕ್ತಾ ಇದ್ದ ನೀನು ತಿರುಗೀನೂ ನೋಡ್ದೇನೇ 'ಒಳಗೆ ಬನ್ನಿ' ಅಂದ್ಬಿಟ್ಟೆ. ನಾನು ಬೇಡ ಅನ್ನೋಷ್ಟರಲ್ಲಿ ಬಾಗಿಲು ತೆರೆದು ಮುಚ್ಕೊಳ್ತು. ಬಂದವರು ನಮ್ಮ ನಡುವೆ ಎಲ್ಲಿ ಕೂತಿದಾರೋ, ಈ ಕತ್ತಲಲ್ಲಿ ನಂಗೂ ಕಾಣ್ತಿಲ್ಲ. ಕೈ ಮಡಿಲಿಂದ ತೆಗೀಬೇಡ ಮಗಳೇ. ಬೆಳಕು ಬರೋವರೆಗೂ ಯಾರು ಏನೇ ಚಾಚಿದ್ರೂ... ಕುಡಿದಿಟ್ಟ ಖಾಲಿ ಲೋಟ ಆದ್ರೂ ಸರಿ, ತಗೋಬೇಡ."