ಐದು ಕಿಲೊದ ಕೆಂಪು ಗೆರಿ

ಬೆರಳು ಅಲ್ಲಲ್ರಿ ಅಳಿಯಂದ್ರ, ಕೆಳಗ... ಕೂಸಿನ ತೂಕದ ಗ್ರಾಫಿನ ಅಡ್ಡ ಗೆರಿ ಮ್ಯಾಲ ಇಡ್ರಿ. ಅಲ್ಲಿ ವಾರ ಬರದೇನಿ. ಎಂಟನೇ ವಾರ ಹಿಡೀರಿ. ಹಾಂ. ಈಗ ಸೀದಾ ಮ್ಯಾಲ ಹೋಗ್ರಿ, ಚುಕ್ಕಿ ಸಿಗೂತನಕ. ಸಿಕ್ತು? ಅಲ್ಲಿಂದ ಎಡಕ್ಕ ಬರ್ರಿ. ಎಷ್ಟದ? ನಾಕು ಕಿಲೊ. ಶಾಬಾಸ್! ನಿಮ್ಮ ಔರಾದದಾಗೂ ಕಲಿಸ್ಯಾರ ಅಂದ್ರ.

ಯಾಕ ನಗ್ತೀರಿ? ನಾ ಬೀದರದಾಗ ಬಿ.ಎಸ್ಸಿ. ಓದಿದಾಕಿರಿ. ನಿಮ್ಮ ಮಗಳು ಹುಟ್ಟಿದಾಗಿಂದ ಒಂದು ಸೋಮವಾರ ತಪ್ಪಿಸಿಲ್ಲ. ಕೌದ್ಯಾಗ ಸುತ್ತಿ, ಆ ತೂಕದ ಕಾಂಟಾಕ್ಕ ತೂಗಹಾಕಿ, ಕೌದಿದು ಅರ್ಧ ಕಿಲೊ ಕಳದು... ಬಾಣಂತನ ಅಂದ್ರ ಬರೇ ಎಣ್ಣಿ-ನೀರಲ್ರಿ. ಮಾತು ಏನಾಗಿತ್ತು? ಕೂಸು ಐದು ಕಿಲೊ ಮುಟ್ಟಿದ ದಿನಾನೇ ನನ್ನ ಮಗಳು ಸಿದ್ದೇಶ್ವರಿನ ನಿಮ್ಮ ಮನಿಗೆ ಕಳಸ್ತೇನಿ ಅಂದಿದ್ದೆ. ಆ ಕೆಂಪು ಗೆರಿ ಐದರದು. ಚುಕ್ಕಿ ಮುಟ್ಟೇದೇನು? ಇಲ್ಲ. ಮತ್ತ ಭಾಲ್ಕಿತನಕ ಜೀಪ್ ಯಾಕ ತಂದ್ರಿ?

ಹನ್ನೆರಡನೇ ವಾರ? ಅಲ್ಲಿ ನಾಕು ಕಿಲೊ ಎಂಟುನೂರು. ಹದಿಮೂರು... ಅಷ್ಟೇ. ಹದಿನಾಕು... ಅದೂ ಅಷ್ಟೇ. ಹದಿನೈದು... ಹಂಗ್ಯಾಕ ನೋಡ್ತೀರಿ? ಥಂಡಿ ಆಗಿತ್ತರಿ ಕೂಸಿಗೆ. ಥಂಡಿ ಆದ್ರ ಗೆರಿನೂ ಮಲಗ್ತದ.

ಏ, ಏ... ಕಾಂಟಾ ಯಾಕ ಮುಟ್ತೀರಿ? ಕೂಸು ಈಗರೆ ಮಲಗೇದ! ಗಂಡಸರಿಗೆ ಕೌದಿ ಗಂಟು ಹಾಕಾಕ ಬರಂಗಿಲ್ರಿ, ಬೀಳ್ತದ... ಬರ್ತದೇನು? ಯಾರು ಕಲಿಸಿದ್ರು? ಇರ್ಲಿ.

ಆರು.

ಕೌದಿ ಕಳೀರಿ ಮೊದಲ. ಕಳದ್ರೇನು? ಐದೂವರಿ... ಕಾಂಟಾ ಹಳೇದದರಿ. ನಮ್ಮ ಅತ್ತಿ ಕಾಲದ್ದು.

ಬೇಕಾದ್ರ ಜಗಳ ಆಡ್ರಿ. ನನ್ನ ಏನು ನೋಡ್ತೀರಿ, ಗ್ರಾಫ್ ನೋಡ್ರಿ... ಬ್ಯಾಡ. ಗ್ರಾಫೂ ನೋಡಬ್ಯಾಡ್ರಿ.

ಹೌದ್ರಿ. ಹನ್ನೆರಡನೇ ವಾರದ ಮುಂದ ತೂಗೇ ಇಲ್ಲ. ತೂಗಿದ್ರ ಬರೀಬೇಕಾಗ್ತಿತ್ತು. ಬರದ್ರ ಕಳಸಬೇಕಾಗ್ತಿತ್ತು. ಅದಕ್ಕ ಗೆರಿ ಹೊಡಿಯೂ ಪಟ್ಟಿ ಹಚ್ಚಿ ಮೂರೂ ಚುಕ್ಕಿ ಒಂದೇ ದಿನಾ ಇಟ್ಟೆ. ಸಿದ್ದೇಶ್ವರಿಗೆ ಗೊತ್ತಿಲ್ಲ. ಹೇಳಬ್ಯಾಡ್ರಿ.

ಸಿದ್ದೇಶ್ವರೀ! ಅರಿವಿ ಗಂಟು ಕಟ್ಟವ್ವಾ, ಇವತ್ತೇ ಹೊರಡ್ರಿ!

...ಅಳಿಯಂದ್ರ, ಕಾಂಟಾನೂ ಒಯ್ರಿ. ಸೋಮವಾರಕ್ಕೊಮ್ಮೆ ತೂಗಿ ಫೋನ್ ಮಾಡ್ರಿ, ನಾ ಇಲ್ಲಿ ಚುಕ್ಕಿ ಇಡ್ತೇನಿ. ಖರೇನೇ ಹೇಳಬೇಕು ಮತ್ತ. ಸುಳ್ಳು ಲೆಕ್ಕ ನನಗ ಸೇರಂಗಿಲ್ಲ.