ದಿಂಬಿನಡಿಯ ಬ್ರೆಡ್ಡು

೧೯೭೩ರಲ್ಲಿ ಡೆಟ್ರಾಯಿಟ್‌ನ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಲಿಫ್ಟಿಗೆ ಕಾಯುತ್ತಿದ್ದ ಇಬ್ಬರು ಡಾಕ್ಟರರು ಕನ್ನಡದಲ್ಲಿ ಮಾತಾಡುತ್ತಿದ್ದರು. ಹಿರಿಯರು ಧಾರವಾಡದ ಕಡೆಯವರು, ಕಿರಿಯಾಕೆ ಮೈಸೂರಿನವರು.

“ಪದ್ಮಜಾ, ಆ ಐರಿಶ್ ಮುದುಕಿ ಮತ್ತ ದಿಂಬಿನ ಕೆಳಗ ಬ್ರೆಡ್ ಇಟ್ಕೊಂಡಾಳಂತ. ತಲಿ ಕೆಟ್ಟದ. ಮೆಂಟಲ್ ವಾರ್ಡಿಗೆ ಕಳಸೋಣು.”

“ಅವರ ತಲೆ ಸರಿಯಾಗೇ ಇದೆ ಸರ್. ನಾನು ಕೂತು ಕೇಳಿದೆ.”

“ಏನಂದ್ಲು?”

“ಅವರ ಅಜ್ಜಿ ಚಿಕ್ಕವರಿದ್ದಾಗ ಆಲೂಗಡ್ಡೆ ಬೆಳೆ ಕೊಳೆತು, ಊರಲ್ಲಿ ಅರ್ಧ ಜನ ಹಸಿವಿಂದ ಸತ್ರಂತೆ. ಸತ್ತವರನ್ನ ಹೂತಿರೋ ಹುಲ್ಲುಗಾವಲು ದಾಟೋವಾಗ ಜೇಬಲ್ಲಿ ಬ್ರೆಡ್ ಇರಲೇಬೇಕಂತೆ. ಇಲ್ದಿದ್ರೆ ಆ ಹಸಿವು ನಮ್ಮನ್ನೂ ಹಿಡ್ಕೊಳತ್ತೆ ಅಂತ ಅಜ್ಜಿ ಹೇಳ್ತಿದ್ರಂತೆ.”

“ಇಲ್ಲಿ ಎಲ್ಲೈತಿ ಹುಲ್ಲುಗಾವಲು?”

“ನಾಳೆ ಅವರಿಗೆ ಆಪರೇಷನ್ ಅಲ್ವಾ ಸರ್? ಅದೂ ಅಂಥದೇ ಹುಲ್ಲುಗಾವಲು, ದಾಟೋದಿದೆ ಅಂದ್ರು.”



“ನಮ್ಮಜ್ಜಿನೂ ಸೆರಗಿನ ತುದೀಗೆ ಜ್ವಾಳ ಕಟ್ಕೊಂಡು ಮಲಗ್ತಿದ್ಲು. ಮಂದಿ ಹಸದು ಸತ್ತ ದೊಡ್ಡ ಬರದಾಗ ಉಳದಾಕಿ.”

“ವಾರ್ಡ್ ಬದಲಾಯಿಸೋದು ಬೇಡ ಅಂತ ಬರೀಲಾ ಸರ್?”

“ಬರೀ. ಆ ಬ್ರೆಡ್ ಯಾರೂ ತಗೀಬಾರದು ಅಂತ ನರ್ಸಿಗೂ ಹೇಳು.”

“ಹೇಳಾಯ್ತು. ಹಳೇದು ಗಟ್ಟಿಯಾಗಿತ್ತು, ಹೊಸದು ನಾನೇ ಇಟ್ಟು ಬಂದೆ.”

ಲಿಫ್ಟ್ ಬಂತು. ಹಿರಿಯರು ನಗುತ್ತ ಪದ್ಮಜಾರನ್ನು ಮುಂದೆ ಬಿಟ್ಟು ಒಳಗೆ ಹೋದರು.